ಒತ್ತಕ್ಷರದ ಕಾರ್ಡ್ ಡಬ್ಬ: ಕಾರ್ಡ್ ಚೆನ್ನಾಗಿದೆ, ಜೊತೆಗಿರೋ ಪುಸ್ತಕ ಬೇಡ

ಮಗಳು ಈಗ ಎರಡನೇ ಕ್ಲಾಸು. ಕಾಗುಣಿತ ಸರಾಗವಾಗಿ ಓದುತ್ತಾಳೆ, ಒತ್ತಕ್ಷರ ಬಂದರೆ ಮಾತ್ರ ನಿಂತುಬಿಡುತ್ತಿದ್ದಳು. ಕತ್ತೆ ಅಂತ ಇದ್ದರೆ ಕತೆ ಅಂತ ಓದುವುದು, ಹಳ್ಳಿ ಅಂದರೆ ಹಳಿ ಅಂತ ಬರೆಯುವುದು, ಇಲ್ಲಾಂದ್ರೆ ಇಡೀ ಅಕ್ಷರವನ್ನೇ ಎರಡು ಸಲ ಬರೆದು ಅಮ್ಮನನ್ನು 'ಅಮಮ' ಮಾಡುವುದು. ಕಾಪಿ ಪುಸ್ತಕದಲ್ಲಿ ಎಷ್ಟು ತಿದ್ದಿಸಿದರೂ ಅಷ್ಟೇ. ಗಾಂಧಿ ಬಜಾರಿನ ಪುಸ್ತಕದಂಗಡಿಯೊಂದರಲ್ಲಿ ಈ ಡಬ್ಬ ಕಂಡಿತು, 280 ರೂಪಾಯಿ ಕೊಟ್ಟು ತಂದೆ. ಎರಡು ತಿಂಗಳಿಂದ ದಿನಾ ಸಂಜೆ ಕಾಲು ಗಂಟೆ ಬಳಸುತ್ತಿದ್ದೇವೆ.

ದೊಡ್ಡ ಕಾರ್ಡಿನಲ್ಲಿ ಅಕ್ಷರ, ಅದರ ಕೆಳಗೆ ಸಿಕ್ಕಿಸಲು ಒತ್ತಿನ ಪುಟ್ಟ ತುಂಡು. ಇಷ್ಟೇ, ಆದರೆ ಇದು ನಿಜವಾಗಿ ಕೆಲಸ ಮಾಡುತ್ತದೆ. ಎಲೆ ಇಟ್ಟು ಕೆಳಗೊಂದು ಒತ್ತು ಸಿಕ್ಕಿಸಿದರೆ ಎಲ್ಲೆ, ಬಳಿ ಹೋಗಿ ಬಳ್ಳಿ, ಒತ್ತು ಕಿತ್ತರೆ ಮತ್ತೆ ಬಳಿ. ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಬೇರೆ ಬಣ್ಣ ಕೊಟ್ಟಿದ್ದಾರೆ, ಅದಂತೂ ನನಗೆ ತುಂಬಾ ಹಿಡಿಸಿತು. ಮಿಕ್ಕ ಒತ್ತುಗಳು ಹೆಚ್ಚು ಕಡಿಮೆ ತಲೆಕಟ್ಟು ತೆಗೆದ ಚಿಕ್ಕ ಅಕ್ಷರಗಳೇ, ನೋಡಿದರೆ ಗುರುತು ಸಿಗುತ್ತದೆ. ಈ ಆರು ಮಾತ್ರ ತಮ್ಮ ಅಕ್ಷರದ ಹಾಗೆ ಕಾಣುವುದಿಲ್ಲ, ನೆನಪಿಟ್ಟುಕೊಳ್ಳಲೇಬೇಕು. ಕತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಬೆಲ್ಲ ಅಂತ ಆರು ಪದ ಹಿಡಿದುಕೊಂಡೆವು, ಒಂದು ವಾರದಲ್ಲಿ ಬಂತು.

ನನ್ನ ತಕರಾರು ಜೊತೆಗಿರುವ ಪುಸ್ತಕದ ಮೇಲೆ. ಕ್ಕ, ಖ್ಖ, ಗ್ಗ, ಘ್ಘ, ಙ್ಙ ಅಂತ ವರ್ಣಮಾಲೆಯ ಸಾಲಿನಲ್ಲೇ ಕಲಿಸಿ ಅನ್ನುತ್ತದೆ. ಙ್ಙ ಇರುವ ಪದವನ್ನು ಏಳು ವರ್ಷದ ಮಗು ಎಲ್ಲಿ ಕೇಳಿರುತ್ತದೆ ಹೇಳಿ? ಅಮ್ಮ, ಅಪ್ಪ, ಅಕ್ಕ, ಅಜ್ಜಿ, ನಮ್ಮ ಮಕ್ಕಳು ಮಾತು ಶುರು ಮಾಡುವುದೇ ಒತ್ತಕ್ಷರದಿಂದ ಅಲ್ವಾ. ಅಲ್ಲಿಂದಲೇ ಹಿಡಿಯಬೇಕು, ಅದೂ ಕಿವಿಯಿಂದ. ನಾವು ಮೊದಲ ಮೂರು ದಿನ ಕಾರ್ಡ್ ಮುಟ್ಟಲೇ ಇಲ್ಲ. "ಅಪ್... ಪ" ಅಂತ ಚಪ್ಪಾಳೆ ತಟ್ಟಿದೆವು. "ತುಟಿ ಮುಚ್ಚಿಕೊಂಡು ಒಂಚೂರು ನಿಲ್ಲುತ್ತೆ ನೋಡು ಪುಟ್ಟಿ, ಆ ನಿಲ್ಲೋದೇ ಒತ್ತು" ಅಂದೆ. ಆಮೇಲೆ ಕತೆ, ಕತ್ತೆ ಎರಡನ್ನೂ ಅವಳು ಗೊಂದಲ ಮಾಡಿಕೊಂಡಿಲ್ಲ.

ಸಜಾತೀಯ, ಅಂದರೆ ಅಕ್ಷರಕ್ಕೆ ಅದರದೇ ಒತ್ತು ಬರುವ ಪದಗಳು ಮುಗಿದು, ಬೇರೆ ಅಕ್ಷರದ ಒತ್ತಿರುವ ಭಕ್ತಿಯಂಥ ಪದ ಬಂದಾಗ ಕಾರ್ಡೇ ದಾರಿ ತಪ್ಪಿಸುತ್ತದೆ. ಗುಡಿಸು ಬರೆಯುವುದು ಮೇಲಿನ ಕ ಮೇಲೆ, ಕೇಳಿಸುವುದು ಕೆಳಗಿನ ತ ಜೊತೆ. ಕಾರ್ಡಿನಲ್ಲಿ 'ಕಿ' ಅಂತ ಅಚ್ಚಾಗಿದೆ, ಕೆಳಗೆ ತ ಒತ್ತು ಸಿಕ್ಕಿಸಬೇಕು. ಹಾಗಾಗಿ ಅವಳು 'ಭಕಿತ' ಅಂತ ಓದಿದಳು, ಅದು ಅವಳ ತಪ್ಪೂ ಅಲ್ಲ. ಪುಸ್ತಕದಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಕೊನೆಗೆ ಉಪಯೋಗಕ್ಕೆ ಬಂದಿದ್ದು ಫೋನಿನ ಕನ್ನಡ ಕೀಬೋರ್ಡ್. ಅಲ್ಲಿ ಕೇಳಿಸಿದ ಕ್ರಮದಲ್ಲೇ ಒತ್ತಬೇಕು: ಭ, ಕ, ಅರ್ಧಾಕ್ಷರದ ಗುರುತು, ತ, ಕೊನೆಗೆ ಗುಡಿಸು. ಕೊನೆಯಲ್ಲಿ ಒತ್ತಿದ ಗುಡಿಸು ಹಾರಿ ಕ ಮೇಲೆ ಕೂತಿದ್ದನ್ನು ಕಣ್ಣಾರೆ ನೋಡಿದಳು. ಹತ್ತು ಸಲ ಅಳಿಸಿ ಮತ್ತೆ ಮತ್ತೆ ಒತ್ತಿದಳು. ಶಕ್ತಿ, ಪುಸ್ತಕ, ಆಸ್ತಿ ಎಲ್ಲಾ ಹಾಗೇ ಬಂತು.

ಅರ್ಕಾವತ್ತಿಗೆ (ಕುರ್ಚಿಯಲ್ಲಿ ಬರುವ ರ ಗುರುತು) ಇರುವುದು ಎರಡೇ ಕಾರ್ಡ್, ಅದೂ ಚಕ್ರದ ಪಕ್ಕದಲ್ಲೇ. ಚಕ್ರದಲ್ಲಿ ರ ಆಮೇಲೆ ಕೇಳಿಸುತ್ತದೆ. ಕುರ್ಚಿಯಲ್ಲಿ ಮೊದಲು ಕೇಳಿಸಿದರೂ ಬರೆಯುವುದು ಬಲಗಡೆ ಕೊನೆಯಲ್ಲಿ. ಎರಡನ್ನೂ ಒಂದೇ ದಿನ ತೋರಿಸಿದರೆ ಮಗು ಸೂರ್ಯನನ್ನು 'ಸೂಯ್ರ' ಅಂತ ಓದದೆ ಇನ್ನೇನು ಮಾಡುತ್ತದೆ? ನಾನು ನಡುವೆ ಹತ್ತು ದಿನ ಬಿಟ್ಟೆ. ಕುರ್ಚಿ, ಬರ್ಫಿ ಅಂತ ಮನೆಯ ಪದಗಳಿಂದಲೇ ಹೇಳಿಕೊಟ್ಟೆ.

ಕಾರ್ಡ್ ದಪ್ಪಗಿದೆ, ಬೇಗ ಹರಿಯುವುದಿಲ್ಲ. ಆದರೆ ಪ್ರತಿ ಒತ್ತಿಗೂ ಒಂದೊಂದೇ ತುಂಡು, ಲಕಾರದ್ದು ಸೋಫಾ ಸಂದಿಯಲ್ಲಿ ಕಳೆದುಹೋಗಿ ಎರಡು ದಿನ ಬೆಲ್ಲವೂ ಇಲ್ಲ, ಹಲ್ಲೂ ಇಲ್ಲ. ಎರಡು ಒತ್ತು ಸಿಕ್ಕಿಸಲು ಜಾಗ ಇಲ್ಲದ್ದರಿಂದ ರಾಷ್ಟ್ರ, ಶಾಸ್ತ್ರ ಮಾಡಲು ಆಗುವುದಿಲ್ಲ. ಕಾಗುಣಿತ ಇನ್ನೂ ಗಟ್ಟಿಯಾಗದ ಮಗುವಿಗೆ ಈಗಲೇ ತರಬೇಡಿ, ಸುಮ್ನೆ ಹೆದರುತ್ತದೆ. ಗಟ್ಟಿಯಾಗಿದ್ದರೆ ಖಂಡಿತ ತಗೊಳ್ಳಿ, ಒತ್ತಿನ ತುಂಡುಗಳನ್ನು ಮಾತ್ರ ಮೊದಲ ದಿನವೇ ಒಂದು ಪುಟ್ಟ ಡಬ್ಬಿಗೆ ಹಾಕಿಡಿ.