ಮನೆಯಲ್ಲೇ ಕಟ್ಟಿದ ನೀರಿನ ಚಕ್ರ, 24 ವೋಲ್ಟ್: ಮೂರು ವರ್ಷ ಓಡಿದ ಮೇಲಿನ ವಿಮರ್ಶೆ

ಚಕ್ರಕ್ಕೆ ಐದರಲ್ಲಿ ಐದು ಅಂಕ. ಅದರ ವೇಗ ಹೆಚ್ಚಿಸುವ ಚೈನು, ಬೆಲ್ಟಿಗೆ ಎರಡೂವರೆ. ಚಕ್ರ ನಿಮಿಷಕ್ಕೆ 12-13 ಸುತ್ತು ತಿರುಗುತ್ತದೆ, ಜನರೇಟರ್‌ಗೆ ಬೇಕಾದದ್ದು 380ರ ಆಸುಪಾಸು. ಮೂರು ವರ್ಷದಲ್ಲಿ ಕೆಟ್ಟದ್ದರಲ್ಲಿ ಹೆಚ್ಚಿನದೆಲ್ಲ ಈ ಎರಡು ಅಂಕಿಗಳ ನಡುವೆಯೇ.

ಅಳತೆ ಹೀಗಿದೆ: ನೀರು ಮೇಲಿನಿಂದ ಬೀಳುವ ಓವರ್‌ಶಾಟ್ ಚಕ್ರ, ವ್ಯಾಸ 1.8 ಮೀಟರ್, ಅಗಲ 35 ಸೆಂ.ಮೀ., 24 ಬಕೆಟ್, 40 ಮಿ.ಮೀ. ಷಾಫ್ಟ್, ಎರಡು ಕಡೆ ಯುಸಿಪಿ 208 ಬೇರಿಂಗ್. ಬಕೆಟ್ ಒಂದರಲ್ಲಿ 12 ಲೀಟರ್ ಹಿಡಿಯುತ್ತದೆ, ಆದರೆ ತುಂಬುವುದು 4 ಲೀಟರ್ ಮಾತ್ರ. ಜಾಗ ಪೋಲಾಯಿತು ಅನ್ನಿಸಬಹುದು, ಬೇಕೆಂದೇ ಹಾಗೆ ಮಾಡಿದ್ದು. ಕಂಠಮಟ್ಟ ತುಂಬಿದ ಬಕೆಟ್ ಅರ್ಧ ದಾರಿಯಲ್ಲೇ ಚೆಲ್ಲುತ್ತದೆ, ಚೆಲ್ಲಿದ ನೀರು ಕೆಲಸ ಮಾಡುವುದಿಲ್ಲ.

ಕಟ್ಟುವ ಮೊದಲು ನೀರು ಅಳೆಯಿರಿ, ಕಣ್ಣಂದಾಜು ಬೇಡ. ಹಲಗೆಯಲ್ಲಿ 90 ಡಿಗ್ರಿಯ V ಕಚ್ಚು ಕೊಯ್ದು ತೊರೆಗೆ ಅಡ್ಡ ನಿಲ್ಲಿಸಿ. ಕಚ್ಚಿನ ತಳದಿಂದ ನೀರಿನ ಮಟ್ಟ ಎಷ್ಟು ಎತ್ತರವಿದೆ ಎಂದು, ಹಲಗೆಗಿಂತ ಒಂದು ಮೀಟರ್ ಮೇಲೆ, ನೀರು ಬರುವ ಕಡೆ ಅಳೆದು ನೋಡಿ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 15 ಇದ್ದರೆ 12, 18 ಇದ್ದರೆ 19. ಅಳೆಯಬೇಕಾದದ್ದು ಬೇಸಿಗೆಯಲ್ಲಿ. ಮಳೆಗಾಲದ ತೊರೆ ಎಲ್ಲರಿಗೂ ಆಸೆ ತೋರಿಸುತ್ತದೆ.

ಸೆಕೆಂಡಿಗೆ 20 ಲೀಟರ್, 2 ಮೀಟರ್ ಎತ್ತರ ಎಂದರೆ ನೀರಿನಲ್ಲಿರುವುದು 392 ವ್ಯಾಟ್. ಚಕ್ರದ ಷಾಫ್ಟಿಗೆ 255 ಬರುತ್ತದೆ, ಚೈನು ಬೆಲ್ಟು ದಾಟಿ 217, ಜನರೇಟರ್‌ನಿಂದ ಹೊರಗೆ 173, ಬ್ಯಾಟರಿ ಮುಟ್ಟುವಾಗ 160ರ ಸುತ್ತ. ಕಡಿಮೆ ಎನಿಸಿದರೂ ರಾತ್ರಿ ಹಗಲು ಸೇರಿ ದಿನಕ್ಕೆ ಸುಮಾರು 3.8 ಯೂನಿಟ್. ದೀಪ, ಸಣ್ಣ ಫ್ರಿಜ್, ಲ್ಯಾಪ್‌ಟಾಪ್, ಫ್ಯಾನು ಆರಾಮವಾಗಿ ನಡೆಯುತ್ತವೆ. ಇಸ್ತ್ರಿಪೆಟ್ಟಿಗೆಯ ಮಾತು ಬೇಡ.

ಜನರೇಟರ್: ಕಾರಿನ ಆಲ್ಟರ್ನೇಟರ್ ಹಾಕಬೇಡಿ. ಅದಕ್ಕೆ ಸಾವಿರದ ಮೇಲೆ ಸುತ್ತು ಬೇಕು. ಅಯಸ್ಕಾಂತದ ಬಲ ಹುಟ್ಟಿಸುವ ಫೀಲ್ಡ್ ಸುರುಳಿಯೇ ಮೂರು ನಾಲ್ಕು ಆಂಪಿಯರ್ ತಿನ್ನುತ್ತದೆ. 160 ವ್ಯಾಟಿನ ಸಂಸಾರಕ್ಕೆ ಇದು ದುಬಾರಿ. ಹಳೆಯ ವಾಷಿಂಗ್ ಮಷಿನ್ನಿನ ಡೈರೆಕ್ಟ್ ಡ್ರೈವ್ ಮೋಟರ್, ಅಂದರೆ ಕಾಯಂ ಅಯಸ್ಕಾಂತದ್ದು, ಇಲ್ಲಿ ಸರಿಹೊಂದಿದೆ. ಆದರೆ ಇದ್ದ ಹಾಗೇ ಜೋಡಿಸಿದರೆ ವೋಲ್ಟೇಜ್ ಮಿತಿಮೀರುತ್ತದೆ: ಬ್ಯಾಟರಿ ಅದನ್ನು ಹಿಡಿದು ನಿಲ್ಲಿಸುತ್ತದೆ, ಚಕ್ರ ತೆವಳುತ್ತದೆ, ಬಕೆಟ್ ತುಂಬಿ ಹೊರಚೆಲ್ಲುತ್ತದೆ. ತಿರುಗದೆ ನಿಲ್ಲುವ ಭಾಗವಾದ 36 ಕಾಯಿಲಿನ ಸ್ಟೇಟರ್‌ನಲ್ಲಿ ಫೇಸಿಗೆ 12 ಸಾಲಾಗಿ ಇರುತ್ತವೆ. ಅವನ್ನು ಕತ್ತರಿಸಿ ನಾಲ್ಕು ನಾಲ್ಕರ ಮೂರು ಗುಂಪು ಮಾಡಿ, ಗುಂಪುಗಳನ್ನು ಪ್ಯಾರಲಲ್ ಜೋಡಿಸಿದರೆ ವೋಲ್ಟೇಜ್ ಮೂರನೇ ಒಂದಕ್ಕೆ ಇಳಿಯುತ್ತದೆ. ಒಂದು ಕಾಯಿಲ್ ತಿರುಗುಮುರುಗಾದರೂ ಆ ಫೇಸ್ ಸೊರಗುತ್ತದೆ, ಮೋಟರ್ ಗುರುಗುಟ್ಟುತ್ತದೆ. ಬೆಸುಗೆ ಹಾಕುವ ಮೊದಲು ಮೂರೂ ಫೇಸಿನ ವೋಲ್ಟೇಜ್ ಕೈಯಲ್ಲಿ ತಿರುಗಿಸಿ ಹೋಲಿಸಿ.

ಈಗ ಆ ಎರಡೂವರೆ ಅಂಕದ ಭಾಗ. ಮೊದಲ ಹಂತ ಚೈನು, 60 ಹಲ್ಲಿನಿಂದ 12 ಹಲ್ಲಿಗೆ. ಎರಡನೆಯದು ಬೆಲ್ಟು, ಆರು ಪಟ್ಟು. ಮೊದಲ ಹಂತಕ್ಕೂ ಬೆಲ್ಟೇ ಇರಲಿ ಎನ್ನುವವರಿದ್ದಾರೆ, ಆಗದ ಮಾತು: ಷಾಫ್ಟಿನ ತಿರುಚುಬಲ 190 ನ್ಯೂಟನ್ ಮೀಟರ್ ಹತ್ತಿರ, ಬೆಲ್ಟು ಜಾರುತ್ತದೆ. ಚೈನು ಜಾರದು, ಆದರೆ ನೀರಿನ ಎರಚಲಿಗೆ ತುಕ್ಕು ಹಿಡಿಯುತ್ತದೆ. ತಗಡಿನ ಡಬ್ಬದೊಳಗೆ ಮುಚ್ಚಿ ವಾರಕ್ಕೊಮ್ಮೆ ಎಣ್ಣೆ ಹಾಕಿದರೂ ವರ್ಷಕ್ಕೊಂದು ಚೈನು ಹೋಗಿದೆ. ಎರಡನೇ ಹಂತಕ್ಕೆ ಮೊದಲು ಹಾಕಿದ್ದು ಎ ಸೆಕ್ಷನ್ ವಿ ಬೆಲ್ಟು. 60 ಮಿ.ಮೀ. ಪುಲ್ಲಿಗೆ ಅಷ್ಟು ದಪ್ಪದ ಬೆಲ್ಟು ಸುಲಭವಾಗಿ ಬಾಗುವುದಿಲ್ಲ, ಬಿಸಿಯಾಗಿ ಶಕ್ತಿ ನುಂಗುತ್ತದೆ. ಗೀರುಗೀರಿನ ತೆಳು ಪಾಲಿ-ವಿ ಬೆಲ್ಟಿಗೆ ಬದಲಿಸಿದ ಮೇಲೆ ಅದೇ ನೀರಿಗೆ ಕರೆಂಟು ಹೆಚ್ಚಿತು.

ಬಕೆಟ್ ಮರೈನ್ ಪ್ಲೈವುಡ್ಡಿನದು. ಹಲಗೆಯ ಅಂಚಿಗೆ ಎಪಾಕ್ಸಿ ಸರಿಯಾಗಿ ಕೂರದಿದ್ದರೆ, ಚಕ್ರ ಎರಡು ದಿನ ನಿಂತಾಗ ಕೆಳಗಿನ ಭಾಗ ನೀರು ಕುಡಿದು ಭಾರವಾಗುತ್ತದೆ. ಮತ್ತೆ ಓಡಿಸಿದಾಗ ಆಂಪಿಯರ್ ಮೀಟರಿನ ಮುಳ್ಳು ನೋಡಿ: ಐದಕ್ಕೆ ಇಳಿದು ಎಂಟಕ್ಕೆ ಏರಿ, ಐದು ಸೆಕೆಂಡಿಗೊಮ್ಮೆ ಅದೇ ಉಯ್ಯಾಲೆ. ಕರೆಂಟಿನ ದೋಷ ಎಂದು ತಂತಿ ಬಿಚ್ಚಬೇಡಿ. ಮುಳ್ಳಿನ ಒಂದು ಉಯ್ಯಾಲೆ ಎಂದರೆ ಚಕ್ರದ ಒಂದು ಸುತ್ತು. ನಿಂತಿದ್ದಾಗ ದಿನಕ್ಕೊಮ್ಮೆ ಅರ್ಧ ಸುತ್ತು ತಿರುಗಿಸಿಟ್ಟರೆ ಈ ರಗಳೆ ಇಲ್ಲ.

ನೆರೆ ಬಂದಾಗ ಚಕ್ರದ ಬುಡಕ್ಕೆ ನೀರೇರುತ್ತದೆ. ಓವರ್‌ಶಾಟ್ ಚಕ್ರದ ತಳ ಹೊಳೆಯ ಹರಿವಿಗೆ ಎದುರಾಗಿ ತಿರುಗುವುದರಿಂದ ನೀರೇ ಬ್ರೇಕ್ ಆಗುತ್ತದೆ. ತಳಕ್ಕೂ ಕೆಳಗಿನ ನೀರಿಗೂ 15 ಸೆಂ.ಮೀ. ಅಂತರ ಬಿಟ್ಟದ್ದು ಸಾಲಲಿಲ್ಲ, 30 ಬೇಕಿತ್ತು. ಅಷ್ಟು ಎತ್ತರ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಚಕ್ರಕ್ಕೆ ನೀರು ತರುವ ದೋಣಿಯನ್ನು ಅದರ ನೆತ್ತಿಯ ಈಚೆಗೇ ನಿಲ್ಲಿಸಿ, ಚಕ್ರ ಹಿಮ್ಮುಖ ತಿರುಗುವಂತೆ ಮಾಡಿ. ಆಗ ತಳವೂ ಹರಿವಿನ ಜೊತೆಗೇ ಸಾಗುತ್ತದೆ.

ಸೋಲಾರ್ ಚಾರ್ಜ್ ಕಂಟ್ರೋಲರ್ ಇಲ್ಲಿಗೆ ತರಬೇಡಿ. ಬ್ಯಾಟರಿ ತುಂಬಿದೊಡನೆ ಅದು ಸಂಪರ್ಕ ಕಡಿಯುತ್ತದೆ. ಸೋಲಾರ್ ಹಲಗೆಗೆ ಅದು ಲೆಕ್ಕಕ್ಕಿಲ್ಲ, ಆದರೆ ಹೊರೆ ಕಳೆದುಕೊಂಡ ಚಕ್ರ ಓಟಕ್ಕೆ ಬೀಳುತ್ತದೆ, ವೋಲ್ಟೇಜ್ ಏರಿ ಕಂಟ್ರೋಲರೇ ಸುಡುತ್ತದೆ. ಬೇಕಾದದ್ದು ಹೆಚ್ಚುವರಿ ಕರೆಂಟನ್ನು ಬೇರೆಡೆ ತಿರುಗಿಸುವ ಕಂಟ್ರೋಲರ್. 28.8 ವೋಲ್ಟ್ ದಾಟಿದಾಗ 2.8 ಓಮಿನ ಎಲಿಮೆಂಟಿಗೆ ಸುಮಾರು 300 ವ್ಯಾಟ್ ಹೋಗುತ್ತದೆ, ಸ್ನಾನದ ನೀರು ಉಗುರುಬೆಚ್ಚಗಾಗುತ್ತದೆ. ಲಿಥಿಯಂ ಬ್ಯಾಟರಿಯಾದರೆ ಅದರೊಳಗಿನ ಕಾವಲು ಸರ್ಕ್ಯೂಟಾದ ಬಿಎಂಎಸ್ ಕೂಡ ಹೀಗೇ ದಿಢೀರ್ ಕಡಿಯಬಹುದು, ಹಾಗಾಗಿ ಎಲಿಮೆಂಟ್ ಜನರೇಟರ್ ಕಡೆಗೇ ಇರಲಿ.

ತಂತಿಯ ಲೆಕ್ಕ ತಪ್ಪಿದವರೇ ಹೆಚ್ಚು. 100 ಮೀಟರ್ ದೂರ, 6 ಚದರ ಮಿ.ಮೀ. ತಾಮ್ರ, 24 ವೋಲ್ಟಿನಲ್ಲಿ 7.3 ಆಂಪಿಯರ್: ದಾರಿಯಲ್ಲೇ 31 ವ್ಯಾಟ್ ಖರ್ಚು. 48 ವೋಲ್ಟಾದರೆ ಅದರ ಕಾಲು ಭಾಗ. ಇಲ್ಲಿ ಬ್ಯಾಟರಿ ಚಕ್ರದಿಂದ 40 ಮೀಟರಿನಲ್ಲೇ ಇರುವುದರಿಂದ 24 ಸಾಕಾಯಿತು.

ದಿನದ ಕೆಲಸ ಒಂದೇ, ಜಾಲರಿಗೆ ಸಿಕ್ಕ ಎಲೆ ಗೋರುವುದು. ಸರಳುಗಳ ನಡುವೆ 12 ಮಿ.ಮೀ. ಬಿಟ್ಟು ಓರೆಯಾಗಿ ಕೂರಿಸಿದ್ದರಿಂದ ಎಲೆ ಅರ್ಧ ತಾನೇ ಮೇಲೇರುತ್ತದೆ. ಎಲೆ ಉದುರುವ ಕಾಲದಲ್ಲಿ ಮಾತ್ರ ದಿನಕ್ಕೆ ಎರಡು ಸಲ. ಬೇರಿಂಗಿಗೆ ಗ್ರೀಸ್ ತಿಂಗಳಿಗೆ ಎರಡು ಪಂಪು ಸಾಕು, ಹೆಚ್ಚು ತುರುಕಿದರೆ ಸೀಲ್ ಹೊರಬಂದು ನೀರು ಒಳಹೋಗುತ್ತದೆ. ಯಾವುದನ್ನು ಮುಟ್ಟುವುದಿದ್ದರೂ ಮೊದಲು ದೋಣಿಯ ನೀರು ತಿರುಗಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿ.

ನೀರು ಕಡಿಮೆ, ಎತ್ತರ 10 ಮೀಟರ್ ದಾಟುತ್ತದೆ ಎನ್ನುವವರಿಗೆ ಈ ಚಕ್ರ ಅಲ್ಲ. ಪೈಪು ಎಳೆದು, ರಭಸದ ನೀರಿನ ಧಾರೆಗೆ ತಿರುಗುವ ಪೆಲ್ಟನ್ ಟರ್ಬೈನ್ ಕೂರಿಸಿ. ಅದರ ವೇಗಕ್ಕೆ ಜನರೇಟರ್ ನೇರ ಷಾಫ್ಟಿಗೇ ಕೂರುತ್ತದೆ, ಚೈನೂ ಇಲ್ಲ, ಬೆಲ್ಟೂ ಇಲ್ಲ.