ಒಳಗೇನಿದೆ ಅಂತ ಬರೆಯದ ಟಂಬ್ಲಿಂಗ್ ಮೀಡಿಯಾ ತಗೊಳ್ಳಬೇಡಿ

ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸ್‌ಗಳನ್ನು ಮತ್ತೆ ತುಂಬಲು ಟಂಬ್ಲರ್‌ಗೆ, ಅಂದರೆ ತಿರುಗಿಸಿ ಉಜ್ಜುವ ಯಂತ್ರಕ್ಕೆ, ಹಾಕಿ ಶುಚಿ ಮಾಡುವವರು ಇದನ್ನು ಸ್ವಲ್ಪ ಓದಿ. ಮೀಡಿಯಾ (ಕೇಸ್ ಉಜ್ಜಲು ಜೊತೆಗೆ ಹಾಕುವ ತರಿ) ಯಾವುದಾದರೇನು, ಹೇಗೂ ಹೊಳಪು ಬರುತ್ತದೆ ಅನ್ನುವವರು ಜಾಸ್ತಿ. ಹೊಳಪೇನೋ ಬರುತ್ತದೆ. ನನ್ನ ಹತ್ತಿರ ಕನ್ನಡಿ ಥರ ಹೊಳೆಯುವ ಕೇಸ್‌ಗಳ ಒಂದು ಡಬ್ಬಿಯೇ ಇದೆ. ಅದರಲ್ಲಿ ಹೆಚ್ಚಿನವು ಕುತ್ತಿಗೆ ಸೀಳಿದವು.

ಆದದ್ದು ಇಷ್ಟು. ಅಕ್ರೋಟು ಚಿಪ್ಪಿನ ತರಿ, ಅದರ ಜೊತೆ ಒಂದು ಬಾಟಲಿ ಪಾಲಿಶ್ ದ್ರವ, ಎರಡೂ ಸೇರಿ ಒಂದೇ ಸೆಟ್. ಪೊಟ್ಟಣದ ಮೇಲೆ 'ಹಿತ್ತಾಳೆಗೆ ಸುರಕ್ಷಿತ' ಅಂತ ದಪ್ಪಕ್ಷರ. ತರಿಯ ಗಾತ್ರ ಎಷ್ಟು, ಏನು ಬೆರೆಸಿದ್ದಾರೆ, ದ್ರವದಲ್ಲಿ ಏನಿದೆ ಅನ್ನೋದಕ್ಕೆ ಒಂದಕ್ಷರ ಇಲ್ಲ. ಮಾರಿದವರನ್ನು ಕೇಳಿದರೆ "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ, ಇವತ್ತಿನವರೆಗೆ ಯಾರೂ ಏನೂ ಹೇಳಿಲ್ಲ" ಅಂದರು. ಇಂಥ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಕಾಟ ತರಿಯದ್ದು. ಕೇಸ್‌ನ ತಳದಲ್ಲಿ ಕೂತು ಕಿಡಿ ಹೊತ್ತಿಸುವ ಪ್ರೈಮರ್‌ನಿಂದ ಕಿಡಿ ಒಳಗೆ ಹೋಗುವ ತೂತು, ಅಂದರೆ ಫ್ಲ್ಯಾಶ್ ಹೋಲ್, ಸಾಮಾನ್ಯವಾಗಿ 2 ಮಿಲಿಮೀಟರ್ ಅಷ್ಟೇ. ಈ ಪೊಟ್ಟಣದಲ್ಲಿದ್ದ ದಪ್ಪ ತರಿ ಸರಿಯಾಗಿ ಅಲ್ಲೇ ಹೋಗಿ ಕಚ್ಚಿಕೊಂಡು ಕೂತಿತು. ಒಂದೊಂದನ್ನೂ ತಂತಿಯಿಂದ ಚುಚ್ಚಿ ತೆಗೆಯಬೇಕು. ಒಂದು ಕಣ್ತಪ್ಪಿ ಉಳಿದರೂ ಕಿಡಿ ಮದ್ದಿಗೆ ಸರಿಯಾಗಿ ತಲುಪುವುದಿಲ್ಲ, ತೋಟಾ ಹಾರದೇ ಇರಬಹುದು, ಅಥವಾ ತಡವಾಗಿ ಹಾರಬಹುದು. ಎರಡನೆಯದು ಇನ್ನೂ ಕೆಟ್ಟದ್ದು. 20/40 ಅಂತ ಬರೆದ ತರಿ ಕೇಳಿ ತಗೊಳ್ಳಿ. ಅಂದರೆ ಹೆಚ್ಚು ಕಡಿಮೆ 0.4ರಿಂದ 0.85 ಮಿಲಿಮೀಟರ್ ಒಳಗಿನದು, ಸುಲಭವಾಗಿ ಉದುರಿ ಹೋಗುತ್ತದೆ. ಹಳೇ ಪ್ರೈಮರ್ ತೆಗೆಯದೇ ಟಂಬ್ಲರ್‌ಗೆ ಹಾಕುವವರೂ ಇದ್ದಾರೆ. ಆಮೇಲೆ ಪ್ರೈಮರ್ ತೆಗೆಯುವಾಗ ಡೈಯ (ಕೇಸ್‌ಗೆ ಮತ್ತೆ ಅಳತೆ ಕೊಡುವ ಅಚ್ಚಿನ) ಪಿನ್ನೇ ತೂತನ್ನು ಬಿಡಿಸಿಕೊಡುತ್ತದೆ, ಆದರೆ ಪ್ರೈಮರ್ ಕೂರುವ ಗುಂಡಿಯ ಮಸಿ ಹಾಗೇ ಉಳಿಯುತ್ತದೆ.

ಅಕ್ರೋಟು ಚಿಪ್ಪು ಗಟ್ಟಿ, ಕಪ್ಪಾದ ಹಿತ್ತಾಳೆಯನ್ನು ಚೆನ್ನಾಗಿ ಉಜ್ಜುತ್ತದೆ. ಮೆಕ್ಕೆಜೋಳದ ದಿಂಡಿನ ತರಿ ಅದಕ್ಕಿಂತ ಮೆದು, ಕೊನೆಯ ಹೊಳಪಿಗೆ ಒಳ್ಳೆಯದು. ಎರಡೂ ಒಳ್ಳೆಯವೇ, ಏನೂ ಬೆರೆಸದೇ ಇದ್ದರೆ! ನನಗೆ ಸಿಕ್ಕಿದ್ದರಲ್ಲಿ ಕೆಂಪು ಪುಡಿ ಬೆರೆಸಿದ್ದರು. ಅದು ಕಬ್ಬಿಣದ ಆಕ್ಸೈಡ್, ಆಭರಣಕ್ಕೆ ಪಾಲಿಶ್ ಕೊಡಲು ಬಳಸುತ್ತಾರಲ್ಲ, ಅದೇ. ಕೇಸ್‌ನ ಒಳಗೋಡೆ, ಕೈ, ಬಟ್ಟೆ, ಡೈ ಎಲ್ಲಾ ಕೆಂಪು, ಒರೆಸಿದಷ್ಟೂ ಬರುತ್ತಲೇ ಇರುತ್ತದೆ.

ಟಂಬ್ಲರ್‌ನಿಂದ ಏಳುವ ಧೂಳಿನ ವಿಷಯ ಯಾವ ಪೊಟ್ಟಣದ ಮೇಲೂ ಎದ್ದು ಕಾಣುವ ಹಾಗೆ ಇರೋದಿಲ್ಲ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರುತ್ತದೆ. ಒಣ ಮೀಡಿಯಾದಲ್ಲಿ ತಿರುಗಿಸಿದಾಗ ಆ ಸೀಸವೆಲ್ಲ ಧೂಳಿಗೆ ಸೇರುತ್ತದೆ. ಮುಚ್ಚಳ ಹಾಕಿ ಓಡಿಸಿ, ಮನೆಯೊಳಗೆ ಜರಡಿ ಹಿಡಿಯಬೇಡಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೇ ಮೀಡಿಯಾ ಇನ್ನೂ ನಡೆಯುತ್ತದೆ ಅಂತ ಸುಮ್ನೆ ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ಬೇಡ.

ನಿಜವಾದ ಹೊಡೆತ ಬಿದ್ದದ್ದು ಆ ಬಾಟಲಿಯಿಂದ. ಮುಚ್ಚಳ ತೆಗೆದರೆ ಮೂಗಿಗೆ ರಪ್ಪನೆ ಹೊಡೆಯುವ ಅಮೋನಿಯಾ ವಾಸನೆ. ಹಿತ್ತಾಳೆ ಸಾಮಾನು ಉಜ್ಜುವ ಎಷ್ಟೋ ಪಾಲಿಶ್‌ಗಳಲ್ಲಿ ಇದು ಇರುತ್ತದೆ, ಅಲಂಕಾರದ ಸಾಮಾನಿಗೆ ಅದು ನಡೆದೀತು. ಕೇಸ್ ಕಥೆ ಬೇರೆ. ಅದರ ಹಿತ್ತಾಳೆ 70 ಭಾಗ ತಾಮ್ರ, 30 ಭಾಗ ಸತು. ತಯಾರಿಸುವಾಗ ಎಳೆದು ಒತ್ತಿದ್ದು, ಆಮೇಲೆ ಪ್ರತಿ ಸಲ ಹಾರಿಸಿ ಮತ್ತೆ ಸೈಜಿಂಗ್ ಡೈಗೆ ತುರುಕಿದ್ದು, ಇದರಿಂದೆಲ್ಲ ಲೋಹದೊಳಗೆ ಒಂದು ಬಿಗುವು ಉಳಿದುಬಿಡುತ್ತದೆ. ಆ ಬಿಗುವಿನ ಜೊತೆ ತೇವ ಮತ್ತು ಅಮೋನಿಯಾ ಸೇರಿದರೆ ಲೋಹ ಬಿರುಕು ಬಿಡುತ್ತದೆ. ಹೊರಗಿನ ಹೊಳಪು ಹಾಗೇ ಇರುತ್ತದೆ, ಅದೇ ತೊಂದರೆ.

ಇದೇನು ಹೊಸ ವಿಷಯ ಅಲ್ಲ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟಾಗ ಅವು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಇದಕ್ಕೆ ಕಾರಣ ಅಂತ 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಬಿಡಿಸಿ ಹೇಳಿದರು. ನೂರು ವರ್ಷದ ಮೇಲಾಯಿತು, ಮಾರುವವರು ಇನ್ನೂ ಅದನ್ನೇ ಬಾಟಲಿಗೆ ತುಂಬಿ ಸುರಕ್ಷಿತ ಅಂತ ಲೇಬಲ್ ಅಂಟಿಸುತ್ತಾರೆ, ಏನನ್ನೋಣ. ನನ್ನ ಕೇಸ್‌ಗಳು ಟಂಬ್ಲರ್‌ನಿಂದ ಹೊರಬಂದಾಗ ಚೆನ್ನಾಗಿಯೇ ಇದ್ದವು. ಡಬ್ಬಿಯಲ್ಲಿ ಕೆಲವು ವಾರ ಇದ್ದು ಹೊರಗೆ ತೆಗೆದಾಗ ಕುತ್ತಿಗೆಯ ಉದ್ದಕ್ಕೆ ಕೂದಲೆಳೆಯಂಥ ಗೆರೆ, ಗುಂಡು ಕೂರಿಸಲು ಹೋದರೆ ಆ ಗೆರೆ ಬಾಯಿ ಬಿಡುತ್ತಿತ್ತು.

ಇದೆಲ್ಲ ಬೇಡ, ಸ್ಟೀಲ್ ಪಿನ್ ಹಾಕಿ ನೀರಲ್ಲೇ ತೊಳೆಯುತ್ತೇನೆ ಅಂದರೆ ಸಂತೋಷ. ಧೂಳು ಏಳುವುದಿಲ್ಲ, ಪ್ರೈಮರ್ ಗುಂಡಿಯೂ ಶುಚಿಯಾಗುತ್ತದೆ. ಆದರೆ ಅಲ್ಲೂ ಬಾಟಲಿ ಮಾರುವವರು ಇದ್ದಾರೆ. ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ ಸಾಕು. ಆಮ್ಲ ಜಾಸ್ತಿಯಾದರೆ ಮೇಲ್ಮೈಯ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಕುತ್ತಿಗೆಯ ಕೇಸ್‌ಗಳಲ್ಲಿ ಪಿನ್‌ಗಳು ಒಟ್ಟೊಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ. ತೊಳೆದ ನೀರಿನಲ್ಲೂ ಸೀಸ ಇರುತ್ತದೆ, ಅಡುಗೆಮನೆ ಸಿಂಕ್ ಬೇಡ.

ಇಂಥ ದ್ರವ ಈಗಾಗಲೇ ಬಳಸಿದ್ದರೆ ಆ ಕೇಸ್‌ಗಳನ್ನು ಬೇರೆ ತೆಗೆದಿಡಿ, ತುಂಬಬೇಡಿ. ತೊಳೆದರೆ ಅಂಟಿದ ದ್ರವ ಹೋಗುತ್ತದೆ, ಲೋಹದಲ್ಲಿ ಹುಟ್ಟಿದ ಬಿರುಕು ಹೋಗುವುದಿಲ್ಲ. ಭೂತಗನ್ನಡಿಯಲ್ಲಿ ಗೆರೆ ಕಾಣಲಿಲ್ಲ ಅಂತ ನಂಬುವ ಹಾಗೂ ಇಲ್ಲ. ನಾನು ಆ ಕಂತಿನ ಎಲ್ಲವನ್ನೂ ಗುಜರಿಗೆ ಹಾಕುತ್ತಿದ್ದೇನೆ. ಹಾಕುವ ಮುಂಚೆ ಇಕ್ಕಳದಿಂದ ಒಂದೊಂದರ ಬಾಯಿಯನ್ನೂ ಜಜ್ಜಿಬಿಡಿ, ಹೊಳಪು ನೋಡಿ ಇನ್ಯಾರಾದರೂ ಎತ್ತಿಕೊಂಡು ಹೋಗಿ ತುಂಬಿಬಿಟ್ಟಾರು.