ಥೈರಾಯ್ಡ್ ಗುಳಿಗೆಯ ಬಾಟಲಿ: ಗುಣ ಚೆನ್ನ, ಕಲಬುರಗಿ ಬಿಸಿಲಿಗೆ ಜೋಪಾನ

"ಗುಳಿಗಿ ತಗೊಂಡ ಮ್ಯಾಲ ಎದಿ ಡವಡವ ಅಂತದ್ರಿ" ಎಂದು ಲೆವೊಥೈರಾಕ್ಸಿನ್ (ಥೈರಾಯ್ಡ್ ಕಡಿಮೆ ಇದ್ದವರಿಗೆ ಕೊಡುವ ಗುಳಿಗೆ) ಬಾಟಲಿಯನ್ನೇ ವಾಪಸ್ ತರುವವರಿದ್ದಾರೆ. ಗುಳಿಗೆ ಕೆಟ್ಟದ್ದಲ್ಲ. ಥೈರಾಯ್ಡ್ ಕಡಿಮೆ ಇದ್ದವರ ನಾಡಿ ಸಾಮಾನ್ಯವಾಗಿ ನಿಧಾನ. ಅದು ಓಡತೊಡಗಿದರೆ ಮೊದಲ ಅನುಮಾನ ಡೋಸಿನ ಮೇಲೆ.

ಡೋಸ್ ಹೆಚ್ಚಾಗುವ ದಾರಿ ನೋಡಿ. ಗುಳಿಗೆ ನುಂಗಿದ ಐದು ನಿಮಿಷಕ್ಕೇ ಚಹಾ ಕುಡಿದರೆ ಔಷಧ ಪೂರ್ತಿ ಮೈಗೆ ಹತ್ತುವುದಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಹಾರ್ಮೋನ್) ಏರುತ್ತದೆ, ಡಾಕ್ಟರು 50 ಮೈಕ್ರೋಗ್ರಾಂ ಇದ್ದದ್ದನ್ನು 75 ಮಾಡುತ್ತಾರೆ. ಮುಂದೆ ಚಹಾ ತಡಮಾಡಿ ಕುಡಿಯಲು ಶುರುಮಾಡಿದಾಗ ಅದೇ 75 ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುತ್ತದೆ. ಬಿಸಿಲಿನದೂ ಇದೇ ಕಥೆ: ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿದು. ತಗಡಿನ ಮನೆಯ ಕಿಟಕಿಯಲ್ಲೋ ಒಲೆಯ ಮೇಲಿನ ಗೂಡಿನಲ್ಲೋ ಇಟ್ಟ ಬಾಟಲಿ ಸತ್ವ ಕಳೆದುಕೊಳ್ಳುತ್ತದೆ. ಡೋಸ್ ಏರಿಸಿದ ಮೇಲೆ ಹೊಸ ಬಾಟಲಿ ಬಂತೆಂದರೆ ತೊಂದರೆ ಶುರು.

ಬಾಟಲಿಯ ದೊಡ್ಡ ಕೊರತೆ ಇದೇ. ದಿನಾ ಮುಚ್ಚಳ ತೆಗೆದಾಗ ತೇವ ಒಳಹೋಗುತ್ತದೆ. ಒಳಗಿರುವ ಸಣ್ಣ ಸಿಲಿಕಾ ಪೊಟ್ಟಣ ಬಿಸಾಡಬೇಡಿ, ಒದ್ದೆ ಅಂಗೈಗೆ ಗುಳಿಗೆ ಸುರಿಯಬೇಡಿ. ಮನೆಯಲ್ಲಿ ತಂಪು ಜಾಗವಿಲ್ಲದವರಿಗೆ ಸ್ಟ್ರಿಪ್‌ನಲ್ಲಿ ಬರುವುದೇ ವಾಸಿ. ಆದರೆ ಬ್ರಾಂಡ್ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಲೇಬೇಕು. ಇನ್ನೊಂದು, 25, 50, 100ರ ಬಾಟಲಿಗಳು ನೋಡಲು ಅಣ್ಣತಮ್ಮಂದಿರಂತೆ. ಅಂಗಡಿಯಲ್ಲೇ ಅಂಕಿ ಓದಿಕೊಳ್ಳಿ.

ಬರೀ ಹೊಟ್ಟೆಗೆ ನೀರಲ್ಲಿ ನುಂಗಿ, ಚಹಾ-ತಿಂಡಿಗೆ 30ರಿಂದ 60 ನಿಮಿಷ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ತಾಸು ಅಂತರ. ಮರೆತ ಗುಳಿಗೆಯನ್ನು ಮರುದಿನ ಎರಡು ಸೇರಿಸಿ ನುಂಗಬೇಡಿ.

ಎದೆ ಬಡಿದುಕೊಂಡಾಗ ಕುಳಿತು, ಹೆಬ್ಬೆರಳಿನ ಕಡೆಯ ಮಣಿಕಟ್ಟಿಗೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ, ಹೊತ್ತಿನ ಸಮೇತ ಬರೆದಿಡಿ. ವಿಶ್ರಾಂತಿಯಲ್ಲೂ 100 ದಾಟಿದರೆ, ಇಲ್ಲವೇ ತಾಳ ತಪ್ಪುತ್ತಿದ್ದರೆ ಇಸಿಜಿ ತೆಗೆಸಿ. ಹೃದಯಕ್ಕೆಂದೇ ಇಲ್ಲಿ ಜಯದೇವ ಆಸ್ಪತ್ರೆಯಿದೆ. ಟಿಎಸ್‌ಎಚ್ ಸರಿಯಿದ್ದರೆ ಹಿಮೋಗ್ಲೋಬಿನ್ ನೋಡಿಸಿ, ರಕ್ತ ಕಡಿಮೆಯಿದ್ದರೂ ಹೀಗೇ ಆಗುತ್ತದೆ. ವಯಸ್ಸಾದವರಿಗೆ, ಹೃದಯರೋಗ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದಲೇ ಶುರುಮಾಡುವುದು ಇದೇ ಭಯಕ್ಕೆ. ಎದೆಬಡಿತ ಇಳಿಸುವ ಗುಳಿಗೆಯೆಂದು ಪಕ್ಕದ ಮನೆಯವರ ಪ್ರೊಪ್ರನೊಲೊಲ್ ಮುಟ್ಟಬೇಡಿ, ಅಸ್ತಮಾ ಇದ್ದವರಿಗೆ ಅದು ಅಪಾಯ. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತಿ ಬೀಳುವುದು ಜೊತೆಗಿದ್ದರೆ ಎಣಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ.